ಮನಸ್ಸು ತಣ್ಣಗಿರ್ಬೇಕಂದ್ರೆ ಮನೆ ಹೆಂಗಿರ್ಬೇಕು: ದಾವಣಗೆರೆ ಬಿಸ್ಲಲ್ಲಿ ಬೆಂದು ಕಲಿತದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಇಂಜಿನಿಯರೂ ಅಲ್ಲ, ಡಾಕ್ಟ್ರೂ ಅಲ್ಲ. ದಾವಣಗೆರೇಲಿ 30-40 ಸೈಟಲ್ಲಿ ಒಂದು ಮನೆ ಕಟ್ಟಿಸಿ, ಮಾಡಬಾರದ ತಪ್ಪೆಲ್ಲ ಮಾಡಿ, ಆಮೇಲೆ ಒಂದೊಂದಾಗಿ ಸರಿ ಮಾಡ್ಕೋತಾ ಬಂದಿರೋ ಮನುಷ್ಯ. ಗೃಹಪ್ರವೇಶ ಆಗಿ ಮೊದಲ್ನೇ ಬ್ಯಾಸಿಗೆ ಬಂತು ನೋಡ್ರಿ, ದಿನಾ ರಾತ್ರಿ ಹತ್ತು ಗಂಟೆ ಆಗೋಷ್ಟ್ರಲ್ಲಿ ಏನಾದ್ರೊಂದು ಜಗಳ. ಫ್ಯಾನಿಗೆ ಜಗಳ, ಹುಡುಗನ ಮಾರ್ಕ್ಸಿಗೆ ಜಗಳ, ಸಾರಿಗೆ ಉಪ್ಪು ಜಾಸ್ತಿ ಅಂತ ಜಗಳ. ನನಗೇನಾದ್ರೂ ಬಿಪಿ ಬಂತೇನೋ ಅಂತ ಚೆಕ್ ಮಾಡಿಸ್ದೆ, ನಾರ್ಮಲ್. ಮೇ ತಿಂಗಳಲ್ಲಿ ಹೊಳಲ್ಕೆರೆ ಹತ್ರ ನಮ್ಮತ್ತೆ ಊರಿಗೆ ಹೋಗಿ ಅವ್ರ ಹಳೇ ಮಾಳಿಗೆ ಮನೇಲಿ ನಾಲ್ಕು ದಿನ ಇದ್ವಿ, ನಾಲ್ಕೂ ದಿನ ಎಲ್ರೂ ಹೊಡೆದು ಹಾಕ್ದಂಗೆ ಮಲಗಿದ್ವಿ, ಒಬ್ರ ದನಿ ಏರ್ಲಿಲ್ಲ. ವಾಪಸ್ ಹೊರಡೋವಾಗ ನಮ್ಮತ್ತೆ ನಗ್ತಾ ಅಂದ್ರು, "ಜಗಳ ನಿಮ್ದಲ್ಲ ಬಿಡ್ರಿ, ಆ ರೂಮಿಂದು."

ಆ ಮಾತು ತಲೇಲಿ ಕೂತ್ಬಿಡ್ತು. ಬಂದ ದಿನ ರಾತ್ರಿ ಬೆಡ್‌ರೂಮಿನ ಗೋಡೆಗೆ ಕೈ ಇಟ್ಟು ನೋಡಿದ್ರೆ ಹತ್ತೂವರೆ ಗಂಟೇಲೂ ಹಂಚಿನಂಗೆ ಬೆಚ್ಚಗೆ. ಅಲ್ಲಿಂದ ಶುರು ಆಯ್ತು ನನ್ನ ಕಥೆ. ಸಿಕ್ಕಿದ್ದೆಲ್ಲ ಓದಿದೆ, ಮೇಸ್ತ್ರಿಗಳ್ನ ಕೇಳ್ದೆ, ನಮ್ಮನೇಲೇ ಪ್ರಯೋಗ ಮಾಡ್ದೆ. ಅದ್ರಲ್ಲಿ ನಿಜವಾಗ್ಲೂ ಫರಕ್ ಆಗಿದ್ದನ್ನ ಮಾತ್ರ ಇಲ್ಲಿ ಬರೀತಿದೀನಿ.

ಇನ್ನೊಂದು ಮಾತು, ಇದು ಸ್ವಲ್ಪ ಸೀರಿಯಸ್. ಕಿಟಕಿ ಬದಲಾಯಿಸಿದ್ರೆ ಡಿಪ್ರೆಶನ್ ವಾಸಿ ಆಗುತ್ತೆ ಅಂತ ನಾನು ಹೇಳ್ತಿಲ್ಲ, ಹಂಗೆ ಯಾರಾದ್ರೂ ಹೇಳಿದ್ರೆ ನಂಬ್ಲೂಬ್ಯಾಡ್ರಿ. ವಾರಗಟ್ಲೆ ನಿದ್ದೆ ಇಲ್ಲ, ಯಾವುದ್ರಲ್ಲೂ ಮನಸ್ಸಿಲ್ಲ, ಬದುಕೇ ಬ್ಯಾಡ ಅನ್ಸುತ್ತೆ ಅನ್ನೋ ಹಂಗಿದ್ರೆ ಡಾಕ್ಟ್ರ ಹತ್ರ ಹೋಗ್ರಿ, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗೆ ಫೋನ್ ಮಾಡ್ರಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಮನೆ ಮಾಡೋದು ಇಷ್ಟೇ, ಗೊತ್ತಿಲ್ಲದಂಗೆ ದಿನಾ ನಮ್ಮನ್ನ ಕೆರಳಿಸೋ ಸಣ್ಣ ಸಣ್ಣ ಕಾಟಗಳ್ನ ಕಡಿಮೆ ಮಾಡುತ್ತೆ, ಇಲ್ಲಾ ಜಾಸ್ತಿ ಮಾಡುತ್ತೆ.

ಮೊದ್ಲು ಸೆಕೆ, ಆಮೇಲೆ ಉಳಿದಿದ್ದು

ಮನಸ್ಸಿನ ನೆಮ್ಮದಿ ಅಂದ ತಕ್ಷಣ ಜನ ಬುದ್ಧನ ಫೋಟೋ, ನೀರಿನ ಫೌಂಟನ್, ಗೋಡೆಗೆ ತಿಳಿ ನೀಲಿ ಪೇಂಟ್ ಇದನ್ನೆಲ್ಲ ತರ್ತಾರೆ. ನಾನೂ ತಂದಿದ್ದೆ. ಫೌಂಟನ್ನಿನ ಮೋಟಾರ್ ಮೂರೇ ತಿಂಗಳಿಗೆ ಕರ್ರ್ ಅಂತ ಶುರು ಮಾಡ್ತು, ಅದೇ ಒಂದು ತಲೆನೋವಾಯ್ತು. ನಮ್ಮ ಬಯಲುಸೀಮೇಲಿ ಮೊದ್ಲು ಗೆಲ್ಲಬೇಕಾಗಿರೋದು ಸೆಕೇನ. ನಿದ್ದೆ ಹತ್ತಬೇಕಂದ್ರೆ ಮೈಯೊಳಗಿನ ಶಾಖ ಒಂಚೂರು ಇಳೀಬೇಕು, ಅದು ದೇಹದ ನಿಯಮ. ರೂಮೇ ಕಾದು ಕೂತಿದ್ರೆ ಆ ಶಾಖ ಎಲ್ಲಿಗೆ ಹೋಗ್ಬೇಕು? ನಿದ್ದೆ ತುಂಡು ತುಂಡಾಗುತ್ತೆ, ಮಾರನೇ ದಿನ ಮನುಷ್ಯ ಸಿಡಿ ಸಿಡಿ ಅಂತಾನೆ, ಅದನ್ನ ನಾವು ಸ್ವಭಾವ ಅಂತೀವಿ.

ಸೂರ್ಯನ ಲೆಕ್ಕ ಒಂದ್ಸಲ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು. ದಾವಣಗೆರೆ, ಚಿತ್ರದುರ್ಗ ಎರಡೂ ಹೆಚ್ಚೂಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಹಂಗಾಗಿ ಏಪ್ರಿಲ್ ಕೊನೇ ವಾರದಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನಿಮ್ಮ ನೆರಳು ನಿಮ್ಮ ಕಾಲಡೀಲೇ ಬೀಳುತ್ತೆ. ಅಂದ್ರೆ ಅತೀ ಹೆಚ್ಚು ಏಟು ತಿನ್ನೋದು ಮೋಲ್ಡು (ಕಾಂಕ್ರೀಟ್ ಛಾವಣಿ), ಗೋಡೆ ಅಲ್ಲ. ಗೋಡೆಗಳಲ್ಲಿ ದಕ್ಷಿಣದ್ದು ಜನ ಅಂದ್ಕೊಂಡಷ್ಟು ಕೆಟ್ಟದಲ್ಲ, 2 ಅಡಿ ಸಜ್ಜಾ ಇದ್ರೆ ಸೂರ್ಯ ದಕ್ಷಿಣಕ್ಕೆ ಪೂರಾ ವಾಲಿರೋ ಡಿಸೆಂಬರ್ ಮಧ್ಯಾಹ್ನದಲ್ಲೂ ಕಿಟಕಿ ಮೇಲೆ ಎರಡೂವರೆ ಅಡಿ ನೆರಳು ಬೀಳುತ್ತೆ, ಬ್ಯಾಸಿಗೆ ಮಧ್ಯಾಹ್ನದಲ್ಲಂತೂ ಬಿಸ್ಲು ಒಳಗೆ ಬರೋ ಮಾತೇ ಇಲ್ಲ. ಖಳನಾಯಕ ಅಂದ್ರೆ ಪಶ್ಚಿಮ. ಮಾರ್ಚ್ ಕೊನೇಲಿ ಸಂಜೆ ನಾಲ್ಕೂವರೆಗೆ ಸೂರ್ಯ ಹೆಚ್ಚೂಕಡಿಮೆ ಮೂವತ್ತು ಡಿಗ್ರಿಗೆ ಇಳಿದಿರ್ತಾನೆ, ಆ ಬಿಸ್ಲಿಂದ ನಾಲ್ಕಡಿ ಎತ್ತರದ ಕಿಟಕೀನ ಸಜ್ಜಾ ಒಂದ್ರಿಂದ್ಲೇ ಕಾಯ್ಬೇಕಂದ್ರೆ ಏಳು ಅಡಿ ಸಜ್ಜಾ ಬೇಕು. ಏಳು ಅಡಿ ಸಜ್ಜಾ ಹಾಕಿದ್ರೆ ಅದು ಪಕ್ಕದ ಮನೆಯವ್ರ ಹಾಲಲ್ಲಿ ಇರುತ್ತೆ.

ಇಲ್ಲೇ ನೋಡ್ರಿ ವಾಸ್ತು ತಾಪತ್ರಯ ಬರೋದು. ಯಜಮಾನನ ಬೆಡ್‌ರೂಮ್ ನೈಋತ್ಯಕ್ಕೆ ಇರ್ಬೇಕು ಅಂತಾರೆ, ಅಂದ್ರೆ ದಕ್ಷಿಣ ಪಶ್ಚಿಮದ ಮೂಲೆ, ಸಂಜೆ ಬಿಸ್ಲು ಪೂರ್ತಿ ಕುಡಿಯೋ ಮೂಲೆ. ಕುಡಿದಿದ್ದನ್ನ ಇಟ್ಟಿಗೆ ಗೋಡೆ ರಾತ್ರಿ ಮಲಗೋ ಹೊತ್ತಿಗೆ ಸರಿಯಾಗಿ ಒಳಗೆ ಉಗುಳುತ್ತೆ. ವಾಸ್ತು ಬಿಡ್ರಿ ಅಂತ ನಾನು ಹೇಳಲ್ಲ, ಹೇಳಿದ್ರೆ ಅಪ್ಪಾಜಿ ಜೊತೆ ಹೊಸ ಜಗಳ. ರೂಮ್ ಅಲ್ಲೇ ಇರ್ಲಿ, ಪಶ್ಚಿಮ ಗೋಡೆಗೆ ಪೂರ್ತಿ ಉದ್ದಕ್ಕೆ ವಾರ್ಡ್‌ರೋಬ್ ಹಾಕಿಸ್ರಿ, ಸೀರೆ ಶಾಲು ಹಾಸಿಗೆ ತುಂಬಿದ ಎರಡಡಿ ಬೀರು ಶಾಖ ತಡೆಯೋದ್ರಲ್ಲಿ ಯಾವ ಕಂಪನಿ ಶೀಟಿಗೂ ಕಡಿಮೆ ಇಲ್ಲ. ಇನ್ನೂ ಪ್ಲಾನ್ ಹಂತದಲ್ಲೇ ಇದ್ರೆ ಬಾತ್‌ರೂಮು, ಮೆಟ್ಟಿಲು, ಸ್ಟೋರು ಇವನ್ನ ಪಶ್ಚಿಮಕ್ಕೆ ತಳ್ಳಿ ಮಲಗೋ ರೂಮಿಗೆ ಅಡ್ಡ ಮಾಡ್ರಿ. ಆಮೇಲೆ ಮಂಚದ ತಲೆ ಆ ಪಶ್ಚಿಮ ಗೋಡೆಗೆ ಬರದಂಗೆ ನೋಡ್ಕೊಳ್ರಿ, ನಾವು ಒಂದು ವರ್ಷ ಹಂಗೇ ಮಲಗಿದ್ವಿ, ಒಲೆ ಮುಂದೆ ತಲೆ ಇಟ್ಟಂಗೆ.

ಪಶ್ಚಿಮಕ್ಕೆ ಕಿಟಕೀನೇ ಬ್ಯಾಡ ಅನ್ನೋಕೂ ಆಗಲ್ಲ, ಯಾಕಂದ್ರೆ ನಮ್ಮ ಗಾಳಿ ಬರೋದೇ ಆ ಕಡೆಯಿಂದ. ಆಷಾಢದ ಗಾಳಿ ಗೊತ್ತಲ್ಲ, ಚಿತ್ರದುರ್ಗದ ಗುಡ್ಡದ ಮೇಲೆ ಕರೆಂಟ್ ತೆಗೆಯೋ ಆ ದೊಡ್ಡ ಫ್ಯಾನುಗಳ್ನೆಲ್ಲ ತಿರುಗಿಸೋದು ಅದೇ ಗಾಳಿ. ಹಂಗಾಗಿ ಪಶ್ಚಿಮಕ್ಕೆ ಸಣ್ಣದಾಗಿ ಎತ್ತರದಲ್ಲಿ ತೆರೆಯೋ ಕಿಟಕಿ ಇಡ್ರಿ, ಎದುರಿಗೆ ಪೂರ್ವಕ್ಕೋ ಉತ್ತರಕ್ಕೋ ದೊಡ್ಡ ಕಿಟಕಿ ಇಡ್ರಿ, ಗಾಳಿ ಒಳಗೆ ಬಂದು ಹೊರಗೆ ಹೋಗ್ಲಿಕ್ಕೆ ಎರಡು ಬಾಯಿ ಬೇಕೇ ಬೇಕು. ಇರೋ ದೊಡ್ಡ ಕಿಟಕಿಗೆ ಬಿಸ್ಲು ಬೀಳ್ತಿದ್ರೆ ಬಿದಿರಿನ ತಟ್ಟಿನೋ ಜಾಲಿ ಇಟ್ಟಿಗೇನೋ ಗಾಜಿನ ಹೊರಗಡೆ ಬರಂಗೆ ಹಾಕ್ರಿ. ಒಳಗಡೆ ದಪ್ಪ ಕರ್ಟನ್ ಹಾಕಿದ್ರೆ ಅಷ್ಟೊತ್ತಿಗೆ ಶಾಖ ಗಾಜು ದಾಟಿ ಮನೆಯೊಳಗೆ ಬಂದಾಗಿರುತ್ತೆ, ಕಳ್ಳ ಒಳಗೆ ಬಂದ್ಮೇಲೆ ಬಾಗ್ಲು ಹಾಕ್ದಂಗೆ.

ಜಾಗ ಇದ್ರೆ ಪಶ್ಚಿಮಕ್ಕೆ ಒಂದು ಹೊಂಗೆ ಹಾಕ್ರಿ, ಇದಕ್ಕಿಂತ ಒಳ್ಳೇ ಸಜ್ಜಾ ಇಲ್ಲ. ಹೊಂಗೆ ನೆರಳು ತಾಯಿ ಮಡಿಲು ಅಂತ ಹಿರೇರು ಸುಮ್ನೆ ಹೇಳಿಲ್ಲ, ಚಳಿಗಾಲ ಮುಗಿಯೋವಾಗ ಎಲೆ ಉದುರಿಸಿ, ಬಿಸ್ಲು ಏರೋ ಹೊತ್ತಿಗೆ ತಿಳಿ ಹಸಿರು ಚಿಗುರು ತುಂಬ್ಕೊಂಡು ನಿಲ್ಲುತ್ತೆ. ಬೇವೂ ಅಷ್ಟೇ.

ಇನ್ನು ಮೋಲ್ಡು. ಅತೀ ಅಗ್ಗದ ಮದ್ದು ಸುಣ್ಣ. ನಾವು ಶಿವರಾತ್ರಿ ಹಿಂದೆಮುಂದೆ ಮಾಡ್ತೀವಿ. ತಾರಸಿ ಗುಡಿಸಿ, ಬಿರುಕಿದ್ರೆ ಮೊದ್ಲು ತುಂಬಿಸಿ, ಸುಣ್ಣ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೇಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ತಾರಸಿಗೆ ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡು ಎರಡು ಮೂರು ಕೋಟ್ ಬಳೀರಿ, ಬಿಸ್ಲು ಏರೋಕೆ ಮುಂಚೆ. ಸುಣ್ಣದ ಕಲ್ಲಿಗೆ ನೀರು ಹಾಕೋವಾಗ ಕೊತ ಕೊತ ಕುದ್ದು ಸಿಡಿಯುತ್ತೆ, ಮಕ್ಕಳ್ನ ದೂರ ಇಡ್ರಿ, ಕಣ್ಣಿಗೆ ಕನ್ನಡಕ ಇರ್ಲಿ. ಮಳೆಗಾಲದಲ್ಲಿ ತೊಳ್ಕೊಂಡು ಹೋಗುತ್ತೆ, ಪ್ರತಿ ವರ್ಷದ ಕೆಲಸ ಇದು. ದುಡ್ಡಿದ್ರೆ ಕೂಲ್ ರೂಫ್ ಪೇಂಟ್ ಹೊಡೆಸ್ರಿ, ಇಲ್ಲಾ ಬಿಳಿ ಟೈಲ್ಸ್ ಚೂರು ಕೂರಿಸ್ರಿ. ಬಳಿದಿರೋ ಕಡೆ, ಬಳಿದೇ ಇರೋ ಕಡೆ ಮಧ್ಯಾಹ್ನ ಬರಿಗಾಲಲ್ಲಿ ಒಂದೊಂದು ಹೆಜ್ಜೆ ಇಟ್ಟು ನೋಡ್ರಿ, ನಾನು ಹೇಳೋದೇ ಬ್ಯಾಡ. ಚನ್ನಗಿರಿ ಹೊಳಲ್ಕೆರೆ ಕಡೆ ನೆಂಟ್ರಿದ್ರೆ ಅಡಿಕೆ ಸೋಗೆ ತರಿಸಿ ಬೆಡ್‌ರೂಮ್ ಮೇಲಷ್ಟೇ ಒಂದು ಚಪ್ಪರ ಹಾಕ್ಬಿಡ್ರಿ, ಅದಂತೂ ಎಲ್ಲಕ್ಕಿಂತ ಮೇಲು.

ಕಿಟಕಿ ತೆಗೆಯೋ ಟೈಮೂ ಮುಖ್ಯ. ನಮ್ಮ ಕಡೆ ಬ್ಯಾಸಿಗೇಲಿ ಹಗಲು ಎಷ್ಟೇ ಕಾದ್ರೂ ರಾತ್ರಿ ಗಾಳಿ ತಣ್ಣಗಾಗುತ್ತೆ, ಮಂಗಳೂರಿನಂಗೆ ಬೆವರು ಸೆಕೆ ಅಲ್ಲ. ಹಂಗಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ಎಲ್ಲ ಮುಚ್ಚಿ, ಸೂರ್ಯ ಮುಳುಗಿದ್ಮೇಲೆ ಎಲ್ಲ ತೆಗೀಬೇಕು. ನಾವು ಉಲ್ಟಾ ಮಾಡ್ತೀವಿ, ಹಗಲೆಲ್ಲ ಗಾಳಿ ಬರ್ಲಿ ಅಂತ ತೆಗ್ದು ಬಿಸಿ ಗಾಳಿ ತುಂಬಿಸ್ಕೊಂಡು ಸಂಜೆ ಸೊಳ್ಳೆಗೆ ಹೆದರಿ ಹಾಕ್ಕೋತೀವಿ. ಅದಕ್ಕೇ ಸೊಳ್ಳೆ ಜಾಲರಿ ಇಲ್ಲದ ಕಿಟಕಿ ಗೋಡೆ ಇದ್ದಂಗೆ ಅಂತ ನನ್ನ ಅಭಿಪ್ರಾಯ, ಪಿಒಪಿ ಡಿಸೈನಿಗೆ ಹಾಕೋ ದುಡ್ಡಲ್ಲಿ ಕಾಲು ಭಾಗ ಜಾಲರಿಗೆ ಹಾಕ್ರಿ. ಈಗಿನ ಸ್ಲೈಡಿಂಗ್ ಕಿಟಕಿಗಳದ್ದು ಇನ್ನೊಂದು ಮೋಸ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಒಣ ಬಿಸಿ ಹವೆ ಇರೋ ಕಡೆ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗನಾದ್ರೂ ಕಿಟಕಿ ಇರ್ಬೇಕು, ಅಂದ್ರೆ 10-12 ರೂಮಿಗೆ 12 ಚದರಡಿ. ನೀವು 4-3 ಸ್ಲೈಡಿಂಗ್ ಹಾಕಿಸಿದ್ರೆ ಲೆಕ್ಕಕ್ಕೆ 12 ಬಂತು, ಆದ್ರೆ ಅದು ತೆರೆಯೋದು ಅರ್ಧಾನೇ, ಗಾಳಿಗೆ ಸಿಗೋದು ಆರು. ಬಾಗ್ಲು ತೆಗ್ದಂಗೆ ಪೂರ್ತಿ ತೆರೆಯೋ ಹಳೇ ಥರದ ಕಿಟಕೀನೇ ಮಲಗೋ ರೂಮಿಗೆ ವಾಸಿ.

ಮೆಟ್ಟಿಲ ಮೇಲಿನ ಹೆಡ್‌ರೂಮಿಗೆ ನೆತ್ತಿ ಹತ್ರ ಒಂದು ವೆಂಟಿಲೇಟರ್ ಇಡಿಸ್ರಿ, ಬಿಸಿ ಗಾಳಿ ತಾನಾಗೇ ಮೇಲಕ್ಕೆ ಹತ್ತಿ ಅಲ್ಲಿಂದ ಹೋಗುತ್ತೆ, ಕರೆಂಟ್ ಬ್ಯಾಡ ಏನೂ ಬ್ಯಾಡ.

ಬೆಳಕಿಂಡಿ ಬುದ್ಧಿ

ನಮ್ಮತ್ತೆ ಮನೆ ಬಗ್ಗೆ ಹೇಳಿದ್ನಲ್ಲ, ಎರಡಡಿ ದಪ್ಪ ಕಲ್ಲು ಮಣ್ಣಿನ ಗೋಡೆ, ತೊಲೆ ಜಂತೆ ಮೇಲೆ ಮಣ್ಣಿನ ಮಾಳಿಗೆ, ಅಡಿಗೆ ಮನೆ ನೆತ್ತಿಗೊಂದು ಬೆಳಕಿಂಡಿ. ತಂಪೇನೋ ತಂಪು, ಆದ್ರೆ ಹಳೇದೆಲ್ಲ ಸ್ವರ್ಗ ಅಂತ ನಾನು ಹಾಡಲ್ಲ, ನಡುಮನೇಲಿ ಹಗಲೂ ಕತ್ತಲು, ಹೊಗೆ, ಜಂತೆ ಸಂದೀಲಿ ಇಲಿ. ಕತ್ತಲು ಮನೇಲಿ ಇಡೀ ದಿನ ಕಳೆಯೋ ಹೆಂಗಸ್ರಿಗೆ, ವಯಸ್ಸಾದವ್ರಿಗೆ ಮಂಕು ಹಿಡಿದಂಗೆ ಆಗೋದು ಸುಮ್ನೆ ಅಲ್ಲ. ಕಣ್ಣೊಳಗೆ ನೋಡೋಕೆ ಅಂತ ಇರೋ ಕಣಗಳ ಜೊತೆಗೆ, ಈಗ ಹಗಲೋ ರಾತ್ರಿಯೋ ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋಕೇ ಬೇರೆ ಕಣಗಳು ಇವೆ. ಮೈಯೊಳಗಿನ ಈ ಗಡಿಯಾರ ಹೆಂಗೆ ನಡಿಯುತ್ತೆ ಅಂತ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಅನ್ನೋ ಮೂರು ಜನಕ್ಕೆ 2017ರಲ್ಲಿ ನೊಬೆಲ್ ಬಂತು. ನಮಗೆ ಬೇಕಾಗಿದ್ದು ಇಷ್ಟು, ಬೆಳಿಗ್ಗೆ ಚೆನ್ನಾಗಿ ಬೆಳಕು ಕಣ್ಣಿಗೆ ಬಿದ್ರೆ ರಾತ್ರಿ ಟೈಮಿಗೆ ಸರಿಯಾಗಿ ನಿದ್ದೆ ಬರುತ್ತೆ, ರಾತ್ರಿ ಬಿಳೀ ಬೆಳಕು ಕಣ್ಣಿಗೆ ಹೊಡೀತಿದ್ರೆ ನಿದ್ದೆ ಮುಂದಕ್ಕೆ ಹೋಗುತ್ತೆ.

ಅದಕ್ಕೆ ಬೆಳಿಗ್ಗೆ ಚಾ ಕುಡಿಯೋ ಜಾಗ ಪೂರ್ವಕ್ಕೆ ಮಾಡ್ಕೊಳ್ರಿ, ಒಂದು ಸ್ಟೂಲ್ ಇದ್ರೂ ಸಾಕು. ರಾತ್ರಿಗೆ ಬೆಡ್‌ರೂಮಲ್ಲಿ, ಹಾಲಲ್ಲಿ ಹಳದಿ ಬೆಳಕಿನ ಎಲ್‌ಇಡಿ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ನಂಬರ್ ಇರುತ್ತೆ, 2700 ಇಲ್ಲಾ 3000 ಇದ್ರೆ ಹಳದಿ, 6500 ಇದ್ರೆ ಆಸ್ಪತ್ರೆ ಬಿಳುಪು. ಅಂಗಡೀಲಿ ಕೇಳಿದ್ರೆ ವಾರ್ಮ್ ವೈಟ್ ಅಂತ ಕೊಡ್ತಾರೆ. ರಾತ್ರಿ ಎಂಟರ ಮೇಲೆ ಸೀಲಿಂಗ್ ಲೈಟ್ ಆರಿಸಿ ಮೂಲೆಯದ್ದೊಂದು ಸಣ್ಣ ದೀಪ ಹಚ್ಚಿ ನೋಡ್ರಿ, ಮನೇಲಿ ಎಲ್ರ ದನಿ ತಾನಾಗೇ ಇಳಿಯುತ್ತೆ, ನಮ್ಮನೇಲಿ ಇಳೀತು. ನಡುಮನೆ ಕತ್ತಲಿದ್ರೆ ಬೆಳಕಿಂಡಿ ಮಾಡ್ಸಿ, ಆದ್ರೆ ಗಾಜನ್ನ ಆಕಾಶಕ್ಕೆ ಮುಖ ಮಾಡಿ ಮಲಗಿಸ್ಬ್ಯಾಡ್ರಿ, ನೆತ್ತಿ ಮೇಲಿನ ಸೂರ್ಯ ನೇರ ಒಳಗೆ ಇಳೀತಾನೆ. ಮೋಲ್ಡಿಂದ ಎರಡಡಿ ಗೋಡೆ ಎಬ್ಬಿಸಿ ಉತ್ತರದ ಕಡೆ ನೆಟ್ಟಗೆ ಗಾಜು ನಿಲ್ಲಿಸ್ರಿ, ಬೆಳಕು ಬರುತ್ತೆ, ನೇರ ಬಿಸ್ಲು ಬರೋದು ಬಹಳ ಕಡಿಮೆ. ಫಳಫಳ ಹೊಳಿಯೋ ಬಿಳಿ ಟೈಲ್ಸಿಗಿಂತ ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲ ಕಣ್ಣಿಗೂ ಕಾಲಿಗೂ ತಂಪು.

ಕಿಟಕಿ ಆಚೆ ಏನು ಕಾಣುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ರೋಜರ್ ಉಲ್ರಿಚ್ ಅಂತ ಒಬ್ರು 1984ರಲ್ಲಿ ಒಂದು ಅಧ್ಯಯನ ಬರೆದ್ರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೇಲಿ ಪಿತ್ತಕೋಶದ ಆಪರೇಷನ್ ಆದ 46 ಜನ, ಅರ್ಧ ಜನಕ್ಕೆ ಕಿಟಕೀಲಿ ಮರ ಕಾಣೋ ರೂಮು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವ್ರು ಬೇಗ ಮನೆಗೆ ಹೋದ್ರು, ಸ್ಟ್ರಾಂಗ್ ನೋವಿನ ಮಾತ್ರೆ ಇಂಜೆಕ್ಷನ್ನೂ ಕಡಿಮೆ ತಗೊಂಡ್ರು. ಈಗ ನಮ್ಮ ಮನೆಗಳ್ನ ನೋಡ್ರಿ, ಕಿಟಕಿ ತಳ ಮೂರಡಿ ಎತ್ತರ, ನಿಂತವ್ರಿಗೆ ಮಾತ್ರ ಬೀದಿ ಕಾಣುತ್ತೆ. ನಮ್ಮವ್ವ ದಿನದ ಅರ್ಧ ಭಾಗ ಕೂರೋದು ನೆಲದ ಮೇಲೆ, ಚಾಪೆ ಹಾಕ್ಕೊಂಡು ಸೊಪ್ಪು ಬಿಡಿಸ್ತಾ, ಅವ್ಳಿಗೆ ಆ ಕಿಟಕೀಲಿ ಕಾಣ್ತಿದ್ದದ್ದು ಎದುರು ಮನೆ ಸಿಂಟೆಕ್ಸ್ ಟ್ಯಾಂಕು. ಒಂದು ಕಿಟಕಿ ತಳಾನ ಒಡೆಸಿ ಒಂದೂವರೆ ಅಡಿಗೆ ಇಳಿಸಿ, ಗಟ್ಟಿ ಗ್ರಿಲ್ ಹಾಕಿಸ್ದೆ. ಈಗ ಸೊಪ್ಪಿನವ್ಳು, ಹಾಲಿನವ್ನು, ಸ್ಕೂಲ್ ಮಕ್ಕಳು ಎಲ್ರೂ ಅವ್ವನ ಲೆಕ್ಕದಲ್ಲಿ ಇದಾರೆ. ನನ್ನ ಪ್ರಕಾರ ಇಡೀ ಮನೇಲಿ ನಾನು ಖರ್ಚು ಮಾಡಿದ್ರಲ್ಲಿ ಇದೇ ಅತೀ ಒಳ್ಳೇ ಖರ್ಚು. ಕಟ್ಟೋ ಮುಂಚೆ ಆಗಿದ್ರೆ ಮೇಸ್ತ್ರಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು, ಬಿಡ್ರಿ.

ಸದ್ದು

ಪಿ.ಬಿ. (ಪುಣೆ-ಬೆಂಗಳೂರು) ರೋಡು ಲಾರಿ, ಊರ ನಡುವೇನೇ ಹೋಗೋ ರೈಲು, ಬೋರ್‌ವೆಲ್ಲು, ಕಲ್ಯಾಣ ಮಂಟಪದ ಬ್ಯಾಂಡು. ಮಲಗೋ ರೂಮೊಳಗೆ 30 ಡೆಸಿಬಲ್ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಪಿಸುಮಾತಿನಷ್ಟು. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಾಸದ ಏರಿಯಾಗೆ ರಾತ್ರಿ ಮಿತಿ 45, ಅದು ಮನೆ ಹೊರಗಿನ ಲೆಕ್ಕ. ಪೇಪರ್ ಮೇಲೆ.

ಸದ್ದಿನ ಒಂದೇ ಸೂತ್ರ, ಗಾಳಿ ನುಸುಳೋ ಕಡೆ ಸದ್ದೂ ನುಸುಳುತ್ತೆ. ಬಾಗ್ಲ ಕೆಳಗಿನ ಬೆರಳಗಲದ ಸಂದಿ, ಕಿಟಕಿ ಚೌಕಟ್ಟಿನ ಬಿರುಕು, ಮೊದ್ಲು ಅವನ್ನ ರಬ್ಬರ್ ಪಟ್ಟಿ ಹಾಕಿ ಮುಚ್ರಿ, ಆಮೇಲೆ ಡಬಲ್ ಗ್ಲಾಸ್ ಮಾತಾಡೋಣ. ಪೊಳ್ಳು ಬಾಗ್ಲಿಗಿಂತ ತೂಕದ ಬಾಗ್ಲು ವಾಸಿ. ಈಗ ನೀವು ಕೇಳ್ತೀರ, ಸೆಕೆಗೆ ಕಿಟಕಿ ತೆಗೀರಿ ಅಂದೆ, ಸದ್ದಿಗೆ ಮುಚ್ರಿ ಅಂತೀನಿ, ಏನಿದು ಅಂತ. ನಿಜ, ಎರಡೂ ಒಟ್ಟಿಗೆ ಸಿಗಲ್ಲ, ಅದಕ್ಕೇ ಮಲಗೋ ರೂಮನ್ನ ರೋಡಿಗೆ ಬೆನ್ನು ಮಾಡಿ ಹಿಂದಕ್ಕೆ ಇಡ್ಬೇಕು, ರೋಡ್ ಕಡೆಗೆ ಹಾಲು ಮೆಟ್ಟಿಲು ಬರ್ಲಿ. ಮರ ಹಾಕಿದ್ರೆ ಸದ್ದು ನಿಲ್ಲುತ್ತೆ ಅಂತ ಹೇಳೋರಿದ್ದಾರೆ, ಒಂದು ಸಾಲು ಮರದಿಂದ ಅಂಥದ್ದೇನೂ ನಿಲ್ಲಲ್ಲ, ಆದ್ರೆ ಲಾರಿ ಕಣ್ಣಿಗೆ ಕಾಣದಿದ್ರೆ ಅದರ ಸದ್ದು ಅಷ್ಟು ಕೆರಳಿಸಲ್ಲ, ಎಲೆ ಸದ್ದೂ ಸ್ವಲ್ಪ ಮರೆಸುತ್ತೆ.

ಮನೆಯೊಳಗಿನ ಸದ್ದೇ ದೊಡ್ಡ ಕಥೆ. ವಿಟ್ರಿಫೈಡ್ ನೆಲ, ಪುಟ್ಟಿ ಹಾಕಿ ನುಣ್ಣಗೆ ಮಾಡಿದ ಗೋಡೆ, ಪಿಒಪಿ ಸೀಲಿಂಗು, ಗ್ಲಾಸ್ ಟೀಪಾಯಿ. ಹಾಲಲ್ಲಿ ನಿಂತು ಒಂದು ಚಪ್ಪಾಳೆ ತಟ್ರಿ, ಟಣ್ ಅಂತ ವಾಪಸ್ ಬಂತೋ, ನಿಮ್ಮನೇಲಿ ಒಂದು ಸ್ಪೂನ್ ಬಿದ್ರೂ ಎಲ್ರಿಗೂ ತಲೆ ಚಿಟ್ ಅನ್ನೋದು ಅದಕ್ಕೇ. ಟಿವಿ ಸರಿಯಾಗಿ ಕೇಳ್ಸಲ್ಲ ಅಂತ ಜೋರು ಮಾಡ್ತೀವಿ, ಟಿವಿ ಜೋರಾಯ್ತು ಅಂತ ನಾವು ಜೋರಾಗ್ತೀವಿ. ಇದಕ್ಕೆ ಮದ್ದು ನಮ್ಮ ಪಕ್ಕದಲ್ಲೇ ಐತೆ, ಚಳ್ಳಕೆರೆ ಕಂಬಳಿ. ನಿಜವಾದ ಕುರಿ ಉಣ್ಣೇದು, ಚುಚ್ಚುತ್ತೆ ಅಂತ ಯಾರೂ ಹೊದಿಯಲ್ಲ, ಬೀರುವಿನಲ್ಲಿ ಬಿದ್ದಿರುತ್ತೆ. ಎರಡು ಕಂಬಳೀನ ಸೋಫಾ ಎದುರಿನ ಗೋಡೆಗೆ ಒಂದಿಂಚು ಪಟ್ಟಿ ಹೊಡೆದು ಗೋಡೆಗೆ ಅಂಟದಂಗೆ ತೂಗುಬಿಡ್ರಿ, ಹಿಂದೆ ಗಾಳಿ ಇದ್ರೆ ಸದ್ದು ಇನ್ನೂ ಚೆನ್ನಾಗಿ ಹೀರುತ್ತೆ. ಅಜ್ಜಿ ಹೊಲೆದ ಕೌದಿ ಇದ್ರೆ ಅದನ್ನ ಇನ್ನೊಂದು ಗೋಡೆಗೆ, ನೆಲಕ್ಕೆ ಜಮಖಾನ. ನಮ್ಮನೆಗೆ ಬಂದೋರೆಲ್ಲ ಏನಿದು ಆರ್ಟಾ ಅಂತ ಕೇಳ್ತಾರೆ, ಹೌದು ಅಂತೀನಿ.

ಫಿನ್ಲೆಂಡಲ್ಲಿ ಪೈಮಿಯೊ ಅಂತ ಒಂದು ಹಳೇ ಟಿಬಿ ಆಸ್ಪತ್ರೆ, ಆಲ್ವಾರ್ ಆಲ್ಟೊ ಅನ್ನೋರು ಡಿಸೈನ್ ಮಾಡಿ 1933ರಲ್ಲಿ ಮುಗಿಸಿದ್ದು. ಮಲಗಿದ ರೋಗಿ ಇಡೀ ದಿನ ನೋಡೋದು ಸೀಲಿಂಗು ಅಂತ ಅದಕ್ಕೆ ಬಿಳಿ ಬಿಟ್ಟು ಕಡು ಹಸಿರು ಹೊಡೆಸಿದ್ರಂತೆ, ಒಬ್ರು ಮುಖ ತೊಳೆದ್ರೆ ಪಕ್ಕದ ಮಂಚದವ್ರಿಗೆ ಸದ್ದಾಗಬಾರದು ಅಂತ ನೀರು ಓರೆಯಾಗಿ ಜಾರೋ ಬೇಸಿನ್ ಮಾಡಿದ್ರಂತೆ. ಇದನ್ನ ಓದಿದ್ಮೇಲೆ ನಮ್ಮ ಮಂಚದ ತಲೆ ಇದ್ದ ಗೋಡೆ ಹಿಂದೇನೇ ಫ್ಲಶ್ ಟ್ಯಾಂಕ್ ಇರೋದು ನೆನಪಾಯ್ತು, ಮಂಚ ತಿರುಗಿಸ್ದೆ. ನೀರಿನ ಮೋಟಾರ್ ಕೆಳಗೆ ದಪ್ಪ ರಬ್ಬರ್ ಇಡ್ರಿ. ಆಮೇಲೆ ಆ ಕಾಲಿಂಗ್ ಬೆಲ್ಲು, ಗಣಪತಿ ಸ್ತೋತ್ರ ಕಿರುಚೋದು, ದಯಮಾಡಿ ತೆಗೆಸಿ ಟಿಂಗ್ ಅನ್ನೋದು ಹಾಕ್ಸಿ. ದೇವ್ರಿಗೂ ನೆಮ್ಮದಿ.

ಕೂರೋ ಜಾಗ, ಅಂದ್ರೆ ಬತೇರಿ (ಕೋಟೆ ಬುರುಜು) ಲೆಕ್ಕ

ಚಿತ್ರದುರ್ಗದ ಕೋಟೆಗೆ ಹೋದಾಗ ಒಂದು ಕೆಲಸ ಮಾಡ್ರಿ. ಬಯಲಲ್ಲಿ ಐದು ನಿಮಿಷ ಕೂತ್ಕೊಳ್ರಿ, ಆಮೇಲೆ ಯಾವುದಾದ್ರೂ ಬತೇರಿ ಮೇಲೆ ಬೆನ್ನಿಗೆ ಬಂಡೆ ಬರಂಗೆ, ಮುಂದೆ ಊರೆಲ್ಲ ಕಾಣೋ ಹಂಗೆ ಕೂತ್ಕೊಳ್ರಿ. ಎರಡನೇದ್ರಲ್ಲಿ ಎದ್ದು ಬರೋ ಮನಸ್ಸೇ ಆಗಲ್ಲ. ಬೆನ್ನಿಗೆ ರಕ್ಷೆ, ಕಣ್ಣಿಗೆ ದೂರ, ಇವೆರಡೂ ಇರೋ ಕಡೆ ಮನುಷ್ಯನಿಗೆ ಸಮಾಧಾನ ಅಂತ ಜೇ ಆಪಲ್ಟನ್ ಅನ್ನೋ ಭೂಗೋಳದ ಮೇಷ್ಟ್ರು 1975ರಲ್ಲಿ ವಾದ ಮಾಡಿದ್ರು, ಕೋಟೆ ಕಾಯೋರಿಗೆ ಅದು ಶತಮಾನಗಳ ಮುಂಚೇನೇ ಗೊತ್ತಿತ್ತು ಅಂತ ಕಾಣುತ್ತೆ, ಇರ್ಲಿ.

ಇದನ್ನ ಮನೇಲಿ ಹೆಂಗೆ ಮಾಡೋದು? ಮಂಚದಲ್ಲಿ ಮಲಗಿದ್ರೆ ಬಾಗ್ಲು ಕಾಣ್ಬೇಕು, ಆದ್ರೆ ಬಾಗ್ಲು ತೆಗ್ದ ಕೂಡ್ಲೇ ಹಾಲಲ್ಲಿ ಕೂತವ್ರಿಗೆ ಮಂಚ ಕಾಣಬಾರದು, ಬಾಗ್ಲು ಯಾವ ಕಡೆ ತೆರೆಯುತ್ತೆ ಅನ್ನೋದನ್ನ ಬಡಗಿಗೆ ಹೇಳೋ ಮುಂಚೆ ಯೋಚ್ನೆ ಮಾಡ್ರಿ. ಓದೋ ಹುಡುಗ್ರ ಟೇಬಲ್ಲು ಬೆನ್ನ ಹಿಂದೆ ಓಡಾಟ ಇರೋ ಕಡೆ ಬ್ಯಾಡ, ಬೆನ್ನಿಗೆ ಗೋಡೆ, ಎಡಗಡೆಯಿಂದ ಬೆಳಕು, ಎಡಗೈಲಿ ಬರೆಯೋರಾದ್ರೆ ಬಲಗಡೆಯಿಂದ. ನಮ್ಮ ಹುಡುಗ ಪಿಯುಸೀಲಿ ಒಂದು ವರ್ಷ ಹಾಲಿಗೆ ಬೆನ್ನು ಮಾಡ್ಕೊಂಡು ಓದಿದ, ಯಾರು ಹಿಂದೆ ಹಾದುಹೋದ್ರೂ ಬೆಚ್ಚಿ ತಿರುಗ್ತಿದ್ದ, ನಾನು ಅವನಿಗೇ ಗಮನ ಇಲ್ಲ ಅಂತ ಬೈತಿದ್ದೆ.

ಆಮೇಲೆ ಒಂದು ಪ್ರಶ್ನೆ. ನಿಮ್ಮ ಮನೇಲಿ ಹೆಂಗಸ್ರಿಗೆ ಅಂತ ಒಂದು ಕುರ್ಚಿ ಐತಾ? ಅಪ್ಪಾಜಿಗೆ ಆರಾಮ್ ಚೇರು, ಹುಡುಗನಿಗೆ ಸ್ಟಡಿ ಟೇಬಲ್ಲು, ನನಗೆ ಸೋಫಾ ಮೂಲೆ, ನನ್ನ ಹೆಂಡ್ತಿಗೆ ಅಡಿಗೆ ಕಟ್ಟೆ ಮುಂದೆ ನಿಲ್ಲೋ ಜಾಗ. ಬ್ರಿಟನ್ನಲ್ಲಿ ಕ್ಯಾನ್ಸರ್ ಆದವ್ರಿಗೆ ಧೈರ್ಯ ತುಂಬೋಕೆ ಮ್ಯಾಗೀಸ್ ಅಂತ ಸೆಂಟರ್‌ಗಳಿವೆ, ಮೊದಲ್ನೇದು 1996ರಲ್ಲಿ ಎಡಿನ್‌ಬರಾದಲ್ಲಿ ಆಯ್ತು, ಅವುಗಳ ನಡುಮಧ್ಯ ಇರೋದು ರಿಸೆಪ್ಷನ್ ಕೌಂಟರ್ ಅಲ್ಲ, ಅಡಿಗೆ ಮನೆ ಮೇಜು, ಬಂದೋರು ಚಾ ಮಾಡ್ಕೊಂಡು ಕೂತು ಮಾತಾಡ್ಲಿ ಅಂತ. ನಮ್ಮ ಅಡಿಗೆ ಮನೆ ಕಿಟಕಿ ಪಕ್ಕ ಎರಡಡಿ ಕಡಪ ಕಲ್ಲಿನ ಒಂದು ಕೂರೋ ಕಟ್ಟೆ ಮಾಡಿಸ್ದೆ, ಮೆಣಸಿನಕಾಯಿ ಕರಿಯೋ ಘಾಟು ಹೋಗ್ಲಿಕ್ಕೆ ಒಂದು ಎಕ್ಸಾಸ್ಟ್ ಫ್ಯಾನು. ಈಗ ಮನೇಲಿ ಯಾರಿಗೆ ಏನು ಬೇಜಾರಾದ್ರೂ ಹೋಗಿ ಕೂರೋದು ಅಲ್ಲೇ, ಅವ್ಳಿಗೆ ಮತ್ತೆ ಜಾಗ ಇಲ್ಲ, ಅದು ಬೇರೆ ಮಾತು. ಇನ್ನೊಂದು ಮಾಡಿಸ್ಬೇಕು.

ಮನೆ ಮುಂದೆ ಜಗಲಿ ಕಟ್ಟೆ ಬಿಡ್ಬ್ಯಾಡ್ರಿ. ಆಳೆತ್ತರದ ಕಾಂಪೌಂಡ್ ಎಬ್ಬಿಸಿ ಸ್ಟೀಲ್ ಗೇಟ್ ಹಾಕಿ ಒಳಗೆ ಕೂತ್ರೆ ವಯಸ್ಸಾದವ್ರಿಗೆ ಅದು ಜೈಲೇ. ಹದಿನೇಳು ಹದಿನೆಂಟು ಇಂಚು ಎತ್ತರ, ಒಂದೂವರೆ ಅಡಿ ಅಗಲ, ಒರಗೋಕೆ ಹಿಂದೆ ಗೋಡೆ, ಸಾಕು. ಪೂರ್ವಕ್ಕೆ ಮುಖ ಇದ್ರೆ ಸಂಜೆ ತಂಪಗಿರುತ್ತೆ, ಪಶ್ಚಿಮಕ್ಕಿದ್ರೆ ಬೆಳಿಗ್ಗೆ ಪೇಪರ್ ಓದೋಕೆ ಚೆನ್ನ.

ಬಾಡಿಗೆ ಮನೇಲಿರೋರಿಗೆ

ಗೋಡೆ ಒಡೆಯಂಗಿಲ್ಲ, ಓನರ್ ಮೊಳೆ ಹೊಡೆಯೋಕೂ ಬಿಡಲ್ಲ, ಇಲ್ಲಿಗೆ ಓದೋಕೆ ಬಂದಿರೋ ಕಾಲೇಜು ಹುಡುಗ್ರು ಪಿಜಿ ರೂಮಲ್ಲಿ ಇಬ್ರಿಬ್ರು ಇರ್ತಾರೆ, ಅವ್ರೇನು ಮಾಡ್ಬೇಕು ಅಂದ್ರೆ ಮೊದ್ಲು ಮಂಚ ಬಿಸ್ಲು ಗೋಡೆಯಿಂದ ದೂರ ಸರಿಸ್ರಿ, ಬಲ್ಬ್ ಬದಲಾಯಿಸ್ರಿ, ಕಿಟಕಿಗೆ ಅಂಟಿಸೋ ಸೊಳ್ಳೆ ಜಾಲರಿ ಸಿಗುತ್ತೆ ಅದನ್ನ ಹಾಕ್ರಿ, ಬಾಗ್ಲ ಸಂದಿಗೆ ಹಳೇ ಟವಲ್ ಸುರುಳಿ ಇಡ್ರಿ, ಮಾರ್ಚ್ ಏಪ್ರಿಲ್‌ನ ಒಣ ಸೆಕೇಲಿ ಒದ್ದೆ ಕಾಟನ್ ಸೀರೇನ ಗಾಳಿ ಬರೋ ಕಿಟಕಿಗೆ ಕಟ್ರಿ, ನೀರು ಆರೋವಾಗ ಗಾಳಿ ತಣ್ಣಗಾಗುತ್ತೆ, ಮಳೆಗಾಲದಲ್ಲಿ ಇದು ಕೆಲಸ ಮಾಡಲ್ಲ ಬರೀ ಮುಗ್ಗು ವಾಸನೆ. ರೂಮ್ ಮೇಟ್ ಜೊತೆ ಕಣ್ಣಿಗೆ ಕಣ್ಣು ಬೀಳದಂಗೆ ಮಧ್ಯ ಒಂದು ಪಂಚೆ ಪರದೆ ಕಟ್ಟಿದ್ರೂ ಅರ್ಧ ನೆಮ್ಮದಿ. ಹೊಸ ಮನೆ ನೋಡೋಕೆ ಹೋಗೋದಾದ್ರೆ ಭಾನುವಾರ ಬೆಳಿಗ್ಗೆ ತಣ್ಣನೆ ಹೊತ್ತಲ್ಲಿ ಹೋಗ್ಬ್ಯಾಡ್ರಿ, ಬ್ರೋಕರ್ ಕರೆಯೋದೇ ಆವಾಗ. ವಾರದ ದಿನ ಸಂಜೆ ಐದಕ್ಕೆ ಹೋಗಿ ಪಶ್ಚಿಮ ಗೋಡೆ ಮುಟ್ಟಿ ನೋಡ್ರಿ, ಒಂದು ಚಪ್ಪಾಳೆ ತಟ್ರಿ, ಎಲ್ರೂ ಎರಡು ನಿಮಿಷ ಸುಮ್ನೆ ನಿಲ್ರಿ ಅಂತ ಹೇಳಿ ಕಿವಿ ಕೊಡ್ರಿ.

ಸೈಟ್ ಇರೋರು ಪ್ಲಾನ್ ಮಾಡಿಸೋ ಮುಂಚೆ ಅದೇ ಕೆಲಸ ಸೈಟಲ್ಲಿ ಮಾಡ್ರಿ, ಮಾರ್ಚಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೋಗಿ ಮಧ್ಯಾಹ್ನ ಮೂರರಿಂದ ಏಳರವರೆಗೆ ಕೂತು ಬಿಸ್ಲು ಎಲ್ಲಿಂದ, ಗಾಳಿ ಎಲ್ಲಿಂದ, ಸದ್ದು ಎಲ್ಲಿಂದ ಅಂತ ಚೀಟೀಲಿ ಬರ್ಕೊಂಡು ಆ ಚೀಟೀನ ಇಂಜಿನಿಯರ್ ಕೈಗೆ ಕೊಡ್ರಿ.

ಮತ್ತೆ ಆ ಕಂಬಳಿ ವಿಷ್ಯ ಮರೆತಿದ್ದೆ, ಉಣ್ಣೆಗೆ ನುಸಿ ಹಿಡಿಯುತ್ತೆ. ವರ್ಷಕ್ಕೆರಡು ಸಲ ತಾರಸಿ ಬಿಸ್ಲಿಗೆ ಇಡೀ ದಿನ ಹಾಕಿ, ಕೋಲಲ್ಲಿ ಬಡ್ದು, ಒಣಗಿದ ಬೇವಿನ ಸೊಪ್ಪು ಹಿಂದೆ ಸಿಗಿಸಿ ಮತ್ತೆ ತೂಗುಹಾಕ್ರಿ.